ಹೊತ್ತಿಲ್ಲದವಳ ಹೊತ್ತಗೆಗಳು

ಗ್ದಿನ್ಯಾ ಬಂದರಿನ ನಾಲ್ಕನೇ ಕ್ರೇನಿನ ನೆತ್ತಿಯಲ್ಲಿ
ನಲವತ್ತು ಮೀಟರು ಮೇಲೆ ನನ್ನ ಗಾಜಿನ ಗೂಡು.
ಗಾಳಿಗೋಪುರ ಕಟ್ಟುವವರು ಕಟ್ಟಿಕೊಳ್ಳಲಿ,
ನನ್ನನ್ನು ಸಂಬಳ ಕೊಟ್ಟು ಕೂರಿಸಿದ್ದಾರೆ.

ದಿನವಿಡೀ ಹೊತ್ತು ಹೊತ್ತು ಹೊತ್ತು ಹೋಗುತ್ತದೆ.
ಒಂದು ಲಾರಿ ಹೋಗಿ ಇನ್ನೊಂದು ಬರುವ ನಡುವೆ
ನಾಲ್ಕು ನಿಮಿಷ, ಕೆಲವೊಮ್ಮೆ ಏಳು.
ಗಾಳಿ ಜೋರಾಗಿ ಕೆಂಪು ದೀಪ ಹತ್ತಿದರೆ
ಅರ್ಧ ಗಂಟೆ. ಅದು ಹಬ್ಬ.
ಬಲಗೈ ಉಣ್ಣೆಗವುಸಿನ ತೋರುಬೆರಳು ಕತ್ತರಿಸಿದ್ದೇನೆ,
ಹಾಳೆ ತಿರುವಲಿಕ್ಕೆ.
ಹೀಗೆ ಈ ಚಳಿಗಾಲ ಐದು ಹೊತ್ತಗೆ ಮುಗಿದವು,
ಐದೂ ನಿಜ ಹೇಳುವಂಥವು.

ಅಂಟಿನ ಚರಿತ್ರೆ ಒಂದು:
ಕುದುರೆಯ ಗೊರಸು ಕುದಿಸಿ ಪಿಟೀಲು ಕೂಡಿಸಿದವರದ್ದು.
(ಇಷ್ಟು ಎತ್ತರದಲ್ಲೂ ಮೂಗು ಮುಚ್ಚಿಕೊಂಡೇ ಓದಿದೆ.)
ಗಡಿಯಾರಕ್ಕೆ ಮುಂಚಿನ ರಾತ್ರಿಗಳದು ಇನ್ನೊಂದು:
ಮೇಣದಬತ್ತಿಗೆ ಗೆರೆ ಕೊರೆದು
ಉರಿದಷ್ಟನ್ನೇ ಹೊತ್ತು ಎಂದರಂತೆ.
ಹಾವುಮೀನಿನ ಪುಸ್ತಕದ ನೂರಾಹನ್ನೆರಡನೇ ಪುಟದಲ್ಲಿ
ನನ್ನ ಬೆಣ್ಣೆಬೆರಳು ಈಗಲೂ ಇದೆ;
ಗ್ರಂಥಾಲಯದ ಸಬೀನಾ ನೋಡಿಯೂ ನೋಡದಂತೆ
ಮುದ್ರೆ ಒತ್ತಿ ವಾಪಸ್ಸು ತೆಗೆದುಕೊಂಡಳು.
ಮೂಳೆ ಕೂಡಿಸುವ ವೈದ್ಯೆಯೊಬ್ಬಳ ನೆನಪುಗಳು:
ನೋವಿನ ಬಗ್ಗೆ ಕಡಿಮೆ,
ಎದ್ದು ನಡೆದವರು ತಂದುಕೊಟ್ಟ ಜೇನಿನ ಬಗ್ಗೆ ಹೆಚ್ಚು.
ಐದನೆಯದು, ಬಾಲ್ಟಿಕ್ಕಿನ ತಳದಲ್ಲಿ ಮಲಗಿದ ಹಡಗುಗಳು.
ತೇಲುವ ಹಡಗಿನ ಮೇಲೆ ಕೂತು ಅದನ್ನು ಓದುವುದು
ಮದುವೆಮನೆಯಲ್ಲಿ ತಿಥಿಯ ಮಾತಾಡಿದ ಹಾಗೆ.
ಆದರೂ ಓದಿದೆ.

ನಿಜದ ಪುಸ್ತಕಗಳು ಒಳ್ಳೆಯ ನೆಂಟರು.
ಮಾತಿನ ಮಧ್ಯೆ ಎದ್ದುಹೋದರೂ ಮುನಿಯುವುದಿಲ್ಲ,
ಬಿಟ್ಟಲ್ಲೇ ಕೂತಿರುತ್ತವೆ
ಕಾಲು ನೀಡಿಕೊಂಡು.

ಕಾದಂಬರಿ ಹಾಗಲ್ಲ.
ಮೂರು ವರ್ಷದ ಹಿಂದೆ, ಅಕ್ಟೋಬರಿನಲ್ಲಿ,
ಒಬ್ಬ ಹೆಂಗಸು ಬಾಗಿಲ ಚಿಲಕಕ್ಕೆ ಕೈ ಹಾಕಿದ್ದಳು.
ಆಚೆ ಯಾರೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ.
ಅಷ್ಟರಲ್ಲಿ ಲಾರಿ ಬಂತು, ಪುಸ್ತಕ ಕವುಚಿಟ್ಟೆ.
ಇಪ್ಪತ್ತಾರು ಟನ್ನು ಎತ್ತಿದೆ,
ಅರ್ಧ ದಾರಿಗೆ ತಂದೆ,
ಅಲ್ಲೇ ನಿಲ್ಲಿಸಿದೆ.
ಯಾಕೆಂದರೆ ಏನು ಹೇಳಲಿ?
ಚಿಲಕ ನನ್ನ ಕೈಯಲ್ಲಿತ್ತು.
ಕೆಳಗೆ ಲಾರಿಯ ಹುಡುಗ ಮಿರೋನ್
ಹಾರ್ನು ಒತ್ತಿದ, ಮತ್ತೆ ಒತ್ತಿದ,
ಇಳಿದು ಬಂದು ಟೊಪ್ಪಿ ಬೀಸಿದ.
ರೇಡಿಯೋದಲ್ಲಿ ಮೇಸ್ತ್ರಿ: ಲುದ್ಮಿವಾ, ನಿದ್ದೆಯೇ?
ಹೂಂ ಅಂದೆ. ಒಂದು ದಿನದ ಸಂಬಳ ಹೋಯಿತು.
ನಿಜ ಹೇಳಿದ್ದರೆ ಕೆಲಸವೇ ಹೋಗುತ್ತಿತ್ತು.

ಅಂದಿನಿಂದ ಕಾದಂಬರಿಗೆ ಈ ಏಣಿ ಹತ್ತುವ ಅಪ್ಪಣೆಯಿಲ್ಲ.
ಮನೆಯಲ್ಲಿ ಫ್ರಿಜ್ಜಿನ ಮೇಲೆ,
ಹುಳಿ ಸೌತೆಕಾಯಿಯ ಜಾಡಿ ಪಕ್ಕ, ಕಾಯುತ್ತಿವೆ.
ಅಕ್ಕತಂಗಿಯರಿಬ್ಬರು ಒಂದೇ ಕೋಟು ತೊಡುವ ಕತೆ
(ಬೆನ್ನಪುಟ ಅಷ್ಟು ಹೇಳಿತು, ಮುಂದೆ ಕೇಳಲಿಲ್ಲ);
ನಾದಿನಿ ಕೊಟ್ಟಿದ್ದು, ಎಂಟುನೂರು ಪುಟ, ಸದ್ಯಕ್ಕೆ
ಕಿಟಕಿ ಬಡಿಯದಂತೆ ಒತ್ತಿಡಲು ಬಂದಿದೆ;
ಇನ್ನೂ ಮೂರಿವೆ, ಹೆಸರೇ ಮರೆತವು.
ಮಾರ್ಚಿಗೆ ಬರಲಿರುವ ಒಂದಕ್ಕೆ ಈಗಲೇ ದುಡ್ಡು ಕಟ್ಟಿದ್ದೇನೆ:
ಕೂಸು ಹುಟ್ಟುವ ಮುನ್ನವೇ ಕುಲಾವಿ.

ನಾನೆತ್ತುವ ಪೆಟ್ಟಿಗೆಗಳ ತೂಕ ಪರದೆಯಲ್ಲಿ ಬರುತ್ತದೆ,
ಒಳಗೇನೆಂದು ಬರುವುದಿಲ್ಲ.
ಚಪ್ಪಲಿಯೋ, ಪಂಪೋ, ಬಾಳೆಹಣ್ಣೋ.
ಮೊನ್ನೆ ಒಂದನ್ನು ಎತ್ತುವಾಗ ಸುಮ್ಮನೆ ಅನ್ನಿಸಿತು,
ಇದರೊಳಗೆ ಕಾಗದ.
ಇನ್ನೂ ಯಾವ ಅಕ್ಷರವೂ ಬೀಳದ ಕಾಗದ.
ನನ್ನ ಮಾರ್ಚಿನ ಪುಸ್ತಕ ಇದರ ಮೇಲೇ ಅಚ್ಚಾಗಬಹುದು.
ಸುಳ್ಳಿರಬಹುದು, ಟೊಮೆಟೊ ಡಬ್ಬಿಯೂ ಇರಬಹುದು.
ಮೆಲ್ಲಗೆ ಇಳಿಸಿದೆ,
ನಿದ್ದೆಹೋದ ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು.
ಮಿರೋನ್ ಕತ್ತೆತ್ತಿ ಕೈಗಡಿಯಾರ ತೋರಿಸಿದ.

ಫೆಬ್ರವರಿಯಲ್ಲಿ ರಜೆ, ಹತ್ತು ದಿನ.
ಫೋನನ್ನು ಬ್ರೆಡ್ಡಿನ ಡಬ್ಬಿಗೆ ಹಾಕಿ ಮುಚ್ಚುತ್ತೇನೆ.
ಕೋಟಿನವರು ಕಾಯಲಿ, ಎಂಟುನೂರು ಪುಟವೂ ಕಾಯಲಿ,
ಮೊದಲು ಆ ಹೆಂಗಸು.
ಮೂರು ವರ್ಷದಿಂದ ಚಿಲಕ ಹಿಡಿದೇ ನಿಂತಿದ್ದಾಳೆ,
ಕೈ ಸೋತಿರಬೇಕು.
ಆಚೆ ನಿಂತವರಿಗೂ ಚಳಿಯಾಗಿರಬೇಕು.